ಛತ್ರದಲ್ಲಿ ಬಿದ್ದವರು ಯಾರನ್ನು ಕೇಳಬೇಕು? ಕಲ್ಯಾಣ ಮಂಟಪಗಳ ಮಾಲೀಕರಿಗೆ ಬಹಿರಂಗ ಪತ್ರ

ಇವರಿಗೆ,
ಕಲ್ಯಾಣ ಮಂಟಪಗಳ ಮಾಲೀಕರು, ಟ್ರಸ್ಟಿಗಳು ಮತ್ತು ಮ್ಯಾನೇಜರ್‌ಗಳು,
ತುಮಕೂರು ಮತ್ತು ಸುತ್ತಮುತ್ತಲ ಊರುಗಳು

ಮಾನ್ಯರೇ,

ಕಳೆದ ಲಗ್ನದ ಸೀಸನ್‌ನಲ್ಲಿ ನಿಮ್ಮಲ್ಲೊಬ್ಬರ ಛತ್ರದಲ್ಲಿ ನಮ್ಮ ಅಮ್ಮ ಜಾರಿ ಬಿದ್ದು ಸೊಂಟದ ಹತ್ತಿರ ತೊಡೆಮೂಳೆ ಮುರಿದುಕೊಂಡರು. ಯಾವ ಛತ್ರ ಅಂತ ಇಲ್ಲಿ ಬರೆಯುವುದಿಲ್ಲ. ಅವರಿಗೆ ಹೇಳಬೇಕಾದ್ದನ್ನು ನೋಟಿಸ್‌ನಲ್ಲಿ ಹೇಳಿದ್ದೇವೆ. ಈ ಪತ್ರ ನಿಮಗೆಲ್ಲರಿಗೂ. ಯಾಕೆಂದರೆ ಅಂಥ ನೆಲ ಆ ಒಂದೇ ಛತ್ರದಲ್ಲಿಲ್ಲ, ಅಲ್ಲಿ ನಮಗೆ ಸಿಕ್ಕ ಉತ್ತರವೂ ಅವರೊಬ್ಬರದೇ ಅಲ್ಲ. ಈ ವಿಷಯ ಮಾತಾಡಿದಾಗೆಲ್ಲ ಎದುರಿಗಿದ್ದವರು ತಮ್ಮ ಮನೆಯ ಕಥೆ ಹೇಳಿದ್ದಾರೆ. ಒಬ್ಬರ ಅತ್ತೆ, ಒಬ್ಬರ ಪಕ್ಕದ ಮನೆಯವರು, ಒಬ್ಬರ ಮಗು. ಯಾರೂ ಛತ್ರದವರನ್ನು ಕೇಳಿರಲಿಲ್ಲ.

ನಡೆದದ್ದು ಇಷ್ಟು. ಎರಡನೇ ಪಂಕ್ತಿ ಆಗಷ್ಟೇ ಎದ್ದಿತ್ತು. ಊಟದ ಹಾಲ್‌ಗೆ ಅಂಟಿಕೊಂಡೇ ಕೈ ತೊಳೆಯುವ ಜಾಗ. ಉದ್ದಕ್ಕೆ ಸ್ಟೀಲ್ ತೊಟ್ಟಿ, ಸಾಲಾಗಿ ನಲ್ಲಿ, ಕೆಳಗೆ ಪಾಲಿಶ್ ಮಾಡಿದ ಕಪ್ಪು ಗ್ರಾನೈಟ್. ಹಾಲ್‌ನಿಂದ ಅಲ್ಲಿಗೆ ಇಳಿಯಲು ಒಂದು ಸಣ್ಣ ಮೆಟ್ಟಿಲು, ಅರ್ಧ ಮೆಟ್ಟಿಲು ಅನ್ನಬಹುದು. ಮೇಲಿನದೂ ಕಪ್ಪು ಕಲ್ಲು, ಕೆಳಗಿನದೂ ಕಪ್ಪು ಕಲ್ಲು. ಅಂಚಿಗೆ ಒಂದು ಹಳದಿ ಪಟ್ಟಿಯೂ ಇಲ್ಲ, ಹಿಡಿದುಕೊಳ್ಳಲು ಕಂಬಿಯೂ ಇಲ್ಲ. ನೀರು ಹೋಗುವ ಜಾಲರಿಗೆ ಅನ್ನದ ಅಗುಳು, ಬಾಳೆಎಲೆ ಚೂರು ಸಿಕ್ಕಿಕೊಂಡು ನೀರು ಅಲ್ಲೇ ನಿಂತಿತ್ತು, ಅದರ ಮೇಲೆ ಸೋಪಿನ ನೊರೆ, ಊಟ ಮಾಡಿದ ಕೈಗಳಿಂದ ಇಳಿದ ತುಪ್ಪ ಎಣ್ಣೆಯ ಜಿಡ್ಡು. ಎಲೆ ಮುಗಿಸಿ ಎದ್ದ ನೂರಾರು ಜನ ಒಟ್ಟಿಗೆ ಅಲ್ಲಿಗೇ ಬರುತ್ತಾರೆ, ಹಿಂದಿನವರು ನೂಕುತ್ತಿರುತ್ತಾರೆ, ಮುಂದಿನವರ ಸೆರಗಿನ ಹಿಂದೆ ಕೆಳಗೆ ಮೆಟ್ಟಿಲಿದೆ ಅಂತ ಕಾಣುವುದೇ ಇಲ್ಲ.

ಅಮ್ಮ ಆ ಮೆಟ್ಟಿಲು ಇಳಿಯುವಾಗ ಜಾರಿ ಎಡಮಗ್ಗುಲಿಗೆ ಬಿದ್ದರು. ಸುತ್ತ ಇದ್ದವರು ಒಳ್ಳೆ ಮನಸ್ಸಿನಿಂದಲೇ ಓಡಿ ಬಂದರು, ಎರಡೂ ರಟ್ಟೆ ಹಿಡಿದು ಎತ್ತಿ ನಿಲ್ಲಿಸಿ, ಏನೂ ಆಗಿಲ್ಲ ನಾಲ್ಕು ಹೆಜ್ಜೆ ನಡೀರಿ ಸರಿಹೋಗುತ್ತೆ ಅಂದರು. ಎಡಗಾಲು ಬಲಗಾಲಿಗಿಂತ ಗಿಡ್ಡ ಕಾಣುತ್ತಿತ್ತು. ಪಾದ ಹೊರಗಡೆಗೆ ತಿರುಗಿಕೊಂಡಿತ್ತು. ವಯಸ್ಸಾದವರು ಬಿದ್ದು ಕಾಲು ಹೀಗೆ ಕಂಡರೆ ಎತ್ತಿ ನಡೆಸಲೇಬಾರದು. ಬಿದ್ದಲ್ಲೇ ಅಲುಗಾಡದಂತೆ ಇರಿಸಿ 108ಕ್ಕೆ ಫೋನ್ ಮಾಡಬೇಕು. ನಿಮ್ಮ ಸಿಬ್ಬಂದಿಯಲ್ಲಿ ಇದು ಗೊತ್ತಿರುವವರು ಒಬ್ಬರಾದರೂ ಇರಬೇಕು, ಅಲ್ವಾ? ಅಲ್ಲಿ ಯಾರೂ ಇರಲಿಲ್ಲ. ಸ್ಟ್ರೆಚರ್ ಇರಲಿಲ್ಲ, ಒಂದು ಗಾಲಿಕುರ್ಚಿ ಇರಲಿಲ್ಲ. ಕೊನೆಗೆ ಪ್ಲಾಸ್ಟಿಕ್ ಕುರ್ಚಿಯಲ್ಲಿ ಕೂರಿಸಿ, ನಾಲ್ಕು ಜನ ಹೊತ್ತುಕೊಂಡು, ಅಡ್ಡಾದಿಡ್ಡಿ ನಿಂತಿದ್ದ ಕಾರುಗಳ ಮಧ್ಯೆ ಗೇಟಿನವರೆಗೂ ಹೋಗಬೇಕಾಯಿತು. ಪ್ರತಿ ಹೆಜ್ಜೆಗೂ ಅಮ್ಮ ಕೂಗುತ್ತಿದ್ದರು.

ಅಮ್ಮನನ್ನು ಎತ್ತಿದ ಮೇಲೆ, ಕ್ಲೀನ್ ಮಾಡುವ ಹೆಂಗಸೊಬ್ಬರು ಎರಡು ಗೋಣಿಚೀಲ ತಂದು ಆ ಮೆಟ್ಟಿಲ ಹತ್ತಿರ ಹಾಸಿದರು. ಅವರ ಮೇಲೆ ನನಗೆ ಒಂದಿಷ್ಟೂ ದೂರಿಲ್ಲ. ಅಷ್ಟು ದೊಡ್ಡ ಊಟದ ಹಾಲ್, ಎಂಜಲೆಲೆ, ಟೇಬಲ್ಲು, ಕೈ ತೊಳೆಯುವ ಜಾಗ ಎಲ್ಲ ಸೇರಿ ಅವತ್ತು ಇದ್ದದ್ದು ಅವರು ಮತ್ತು ಇನ್ನೊಬ್ಬ ಹುಡುಗ ಮಾತ್ರ. ಆದರೆ ಆ ಗೋಣಿಚೀಲ ಒಂದು ಪಂಕ್ತಿ ಮೊದಲೇ ಅಲ್ಲಿದ್ದಿದ್ದರೆ ಈ ಪತ್ರ ಬರೆಯುವ ಅಗತ್ಯವೇ ಇರುತ್ತಿರಲಿಲ್ಲ.

ಆಪರೇಷನ್ ಆಯಿತು. ಕೃತಕ ಕೀಲು ಹಾಕಿದ್ದಾರೆ. ಅದಾದ ಮೇಲೆ ನಾನು ಮತ್ತು ನನ್ನ ತಮ್ಮ ಛತ್ರದ ಆಫೀಸಿಗೆ ಹೋದೆವು. ಜಗಳ ಮಾಡಲು ಅಲ್ಲ. ಆದದ್ದನ್ನು ಹೇಳಿ, ನೆಲ ಸರಿಮಾಡಿಸಿ, ಆಸ್ಪತ್ರೆ ಖರ್ಚಿನ ಬಗ್ಗೆ ಮಾತಾಡೋಣ ಅಂತ ಕೇಳಲು. ಮ್ಯಾನೇಜರ್ ಗೌರವವಾಗಿಯೇ ಮಾತಾಡಿಸಿದರು. ಅವರು ಹೇಳಿದ್ದು ಇದು: “ನೋಡಮ್ಮ, ಹಾಲ್ ಬಾಡಿಗೆಗೆ ಕೊಡೋದಷ್ಟೇ ನಮ್ಮ ಕೆಲಸ. ನೆಲ ಒದ್ದೆ ಆಗಿದ್ದು ಊಟದಿಂದ. ಊಟ ಅಡುಗೆ ಕಾಂಟ್ರ್ಯಾಕ್ಟರ್‌ದು. ಅವರನ್ನ ಕರೆಸಿದ್ದು ಮದುವೆ ಮನೆಯವರು. ನೀವು ಅವರನ್ನೇ ಕೇಳಬೇಕು.” ಕ್ಯಾಮೆರಾದ ವಿಡಿಯೋ ಕೊಡಿ ಅಂದಿದ್ದಕ್ಕೆ, ಆ ಕಡೆಯ ಕ್ಯಾಮೆರಾ ಕೆಟ್ಟಿದೆ ಅಂದರು.

ಮದುವೆ ಮನೆಯವರು ಅಂದರೆ ಯಾರು? ನಮ್ಮ ಸೋದರಮಾವನ ಮಗ. ಮಗಳ ಮದುವೆಗೆ ಸೊಸೈಟಿಯಲ್ಲಿ ಸಾಲ ತೆಗೆದವರು. ಮಗಳನ್ನು ಗಂಡನ ಮನೆಗೆ ಬಿಟ್ಟು ಸೀದಾ ಆಸ್ಪತ್ರೆಗೆ ಬಂದು, ವಾರ್ಡಿನ ಬಾಗಿಲಲ್ಲಿ ಕೈಮುಗಿದು ನಿಂತು, ನಮ್ಮ ಮನೆ ಕಾರ್ಯದಲ್ಲಿ ಹೀಗಾಗಿಹೋಯಿತಲ್ಲ ಅತ್ತೆ, ಖರ್ಚು ನಾನು ಕೊಡುತ್ತೇನೆ ಅಂತ ಅತ್ತರು. ಆ ನೆಲ ಹಾಕಿಸಿದ್ದು ಅವರಲ್ಲ. ಆ ಜಾಲರಿ ಅವರದಲ್ಲ. ಒಂದು ದಿನದ ಮಟ್ಟಿಗೆ ಬಾಡಿಗೆ ಕೊಟ್ಟವರು ಗ್ರಾನೈಟ್ ಕಿತ್ತು ಒರಟು ಕಲ್ಲು ಹಾಕಿಸಲು ಆಗುತ್ತದೆಯೇ? ಇಷ್ಟಾದರೂ ತಪ್ಪಿತಸ್ಥರ ಹಾಗೆ ತಲೆ ತಗ್ಗಿಸಿದವರು ಅವರು. ನನಗೆ ಎಲ್ಲಕ್ಕಿಂತ ಜಾಸ್ತಿ ನೋವು ಮಾಡಿದ್ದು ಇದು. ನಿಮ್ಮ ಹೊಣೆಯನ್ನು ನೀವು ತಳ್ಳುವುದು ಹೆಣ್ಣು ಹೆತ್ತವರ ಮೇಲೆ. ಅವರು ಅದನ್ನು ಮರ್ಯಾದೆಗೆ ಅಂಜಿ ಹೊತ್ತುಕೊಳ್ಳುತ್ತಾರೆ. ಬಿದ್ದವರ ಮನೆಯವರು ನೆಂಟಸ್ತಿಕೆ ಕೆಡಬಾರದು, ಶುಭಕಾರ್ಯಕ್ಕೆ ಅಪಶಕುನದ ಮಾತು ಬೇಡ ಅಂತ ಸುಮ್ಮನಾಗುತ್ತಾರೆ. ಮುಂದಿನ ಮುಹೂರ್ತಕ್ಕೆ ಅದೇ ನೆಲ, ಅದೇ ನೀರು.

ಮಾವನ ಮಗನ ಹತ್ತಿರ ಇದ್ದ ಆ ಛತ್ರದ ಬಿಲ್ಲನ್ನು ಕೇಳಿ ಇಸಕೊಂಡು ನೋಡಿದೆ. ಹಾಲ್ ಬಾಡಿಗೆ ಒಂದು ಸಾಲು. ಕರೆಂಟ್, ಜನರೇಟರ್, ಪಾತ್ರೆ ಬಾಡಿಗೆ ಬೇರೆ ಬೇರೆ ಸಾಲು. ಅದರ ಕೆಳಗೆ ‘ಕ್ಲೀನಿಂಗ್ ಚಾರ್ಜ್’. ಕ್ಲೀನಿಂಗ್‌ಗೆ ಅಂತ ದುಡ್ಡು ತೆಗೆದುಕೊಂಡವರು ಕ್ಲೀನಿಂಗ್ ನಮ್ಮದಲ್ಲ ಅನ್ನುವುದು ಹೇಗೆ? ಅಡುಗೆಯವರದೂ ತಪ್ಪಿದ್ದರೆ ಅವರನ್ನು ನೀವು ಕೇಳಿ. ಅದು ನಿಮ್ಮ ಅವರ ನಡುವಿನ ಲೆಕ್ಕ. ಕಟ್ಟಡ ನಿಮ್ಮದು.

ನೀವು ಬಾಡಿಗೆ ಕೊಟ್ಟಿಲ್ಲವಲ್ಲ, ನಿಮಗೂ ನಮಗೂ ಏನು ಸಂಬಂಧ ಅಂತಲೂ ಮ್ಯಾನೇಜರ್ ಕೇಳಿದರು. ಇದಕ್ಕೆ ಕಾನೂನಿನಲ್ಲೇ ಉತ್ತರವಿದೆ, ಓದುತ್ತಿರುವ ಎಲ್ಲರಿಗೂ ಗೊತ್ತಿರಲಿ ಅಂತ ಬಿಡಿಸಿ ಬರೆಯುತ್ತೇನೆ. 2019ರ ಗ್ರಾಹಕ ಸಂರಕ್ಷಣಾ ಕಾಯ್ದೆಯಲ್ಲಿ ಗ್ರಾಹಕ ಅಂದರೆ ದುಡ್ಡು ಕೊಟ್ಟವರು ಮಾತ್ರ ಅಲ್ಲ. ಅವರ ಒಪ್ಪಿಗೆಯಿಂದ ಆ ಸೇವೆಯನ್ನು ಬಳಸುವವರೂ ಗ್ರಾಹಕರೇ. ಲಗ್ನಪತ್ರಿಕೆ ಕೊಟ್ಟು ಕರೆದು, ಬನ್ನಿ ಊಟ ಮಾಡಿ ಅಂತ ಪಂಕ್ತಿಗೆ ಕೂರಿಸಿದ ಮೇಲೆ ಅದಕ್ಕಿಂತ ದೊಡ್ಡ ಒಪ್ಪಿಗೆ ಯಾವುದು? ಅದೇ ಕಾಯ್ದೆಯಲ್ಲಿ, ಸೇವೆ ಕೊಡುವವರ ನಿರ್ಲಕ್ಷ್ಯದಿಂದ ಗ್ರಾಹಕರಿಗೆ ನಷ್ಟವೋ ಗಾಯವೋ ಆದರೆ ಅದು ಸೇವೆಯ ಕೊರತೆ. ದೂರನ್ನು 2 ವರ್ಷದ ಒಳಗೆ ಜಿಲ್ಲಾ ಗ್ರಾಹಕರ ಆಯೋಗಕ್ಕೆ ಕೊಡಬೇಕು. ಬಿದ್ದ ಊರಿಗೇ ಹೋಗಿ ಕೊಡಬೇಕು ಅಂತಿಲ್ಲ, ನಾವು ವಾಸವಿರುವ ಜಿಲ್ಲೆಯಲ್ಲೇ ಕೊಡಬಹುದು. ಸೇವೆಗೆ ಕೊಟ್ಟ ಹಣ 5 ಲಕ್ಷದ ಒಳಗಿದ್ದರೆ ಶುಲ್ಕ ಇಲ್ಲ. ವಕೀಲರನ್ನು ಇಟ್ಟುಕೊಳ್ಳಲೇಬೇಕು ಅನ್ನುವ ನಿಯಮವೂ ಇಲ್ಲ. ಮೊದಲು ಬಾಯಿಮಾತಿನಲ್ಲಿ ಕೇಳಿ ತಿಳಿದುಕೊಳ್ಳಬೇಕು ಅಂದರೆ ರಾಷ್ಟ್ರೀಯ ಗ್ರಾಹಕ ಸಹಾಯವಾಣಿ 1915 ಇದೆ.

ಆಫೀಸಿನ ಗೋಡೆಯ ಮೇಲೆ ಒಂದು ಬೋರ್ಡ್ ಇತ್ತು. ನಿಮ್ಮಲ್ಲಿ ಬಹಳ ಜನರ ಗೋಡೆಯ ಮೇಲೂ ಇದೆ. ‘ಯಾವುದೇ ಅಪಘಾತಕ್ಕೆ ಆಡಳಿತ ಮಂಡಳಿ ಜವಾಬ್ದಾರಿಯಲ್ಲ.’ ಮ್ಯಾನೇಜರ್ ಅದರ ಕಡೆ ಬೆರಳು ತೋರಿಸಿದರು. ಬೋರ್ಡ್ ಹಾಕಿದ ಮಾತ್ರಕ್ಕೆ ಹೊಣೆ ಹೋಗುವುದಿಲ್ಲ ಸ್ವಾಮಿ. ದೆಹಲಿಯ ದೊಡ್ಡ ಹೋಟೆಲೊಂದರಲ್ಲಿ, ಪಾರ್ಕ್ ಮಾಡಲು ಸಿಬ್ಬಂದಿಯ ಕೈಗೆ ಕೊಟ್ಟಿದ್ದ ಕಾರು 1998ರಲ್ಲಿ ಕಳುವಾಯಿತು. ಪಾರ್ಕಿಂಗ್ ಚೀಟಿಯಲ್ಲಿ, ಕಾರಿನ ಹೊಣೆ ಅದರ ಮಾಲೀಕರದೇ ಅಂತ ಅಚ್ಚು ಹಾಕಿತ್ತು. ಕೇಸ್ ಸುಪ್ರೀಂ ಕೋರ್ಟಿನವರೆಗೂ ಹೋಯಿತು. ತನ್ನ ನಿರ್ಲಕ್ಷ್ಯ ಇದ್ದಾಗ ಹೋಟೆಲ್ ಆ ಸಾಲಿನ ಹಿಂದೆ ಅಡಗುವಂತಿಲ್ಲ ಅಂತ 2019ರಲ್ಲಿ ತೀರ್ಪಾಯಿತು. ಒಂದು ಕಾರಿನ ವಿಷಯದಲ್ಲೇ ಈ ಮಾತು. ಊಟಕ್ಕೆ ಕರೆಸಿಕೊಂಡ ಮುದುಕಿಯ ಸೊಂಟದ ವಿಷಯದಲ್ಲಿ ನಿಮ್ಮ ಬೋರ್ಡಿಗೆ ಎಷ್ಟು ಬೆಲೆ ಅಂತ ಯೋಚನೆ ಮಾಡಿ.

ಇನ್ನೂ ಹಳೆಯದೊಂದು ಇದೆ. ದೆಹಲಿಯ ಚಾಂದನಿ ಚೌಕದಲ್ಲಿದ್ದ ಗಡಿಯಾರದ ಗೋಪುರ 1951ರಲ್ಲಿ ಕುಸಿದು ಜನ ಸತ್ತರು. ಗೋಪುರ ಅಲ್ಲಿನ ನಗರಾಡಳಿತದ್ದು. ಸತ್ತವರ ಮನೆಯವರು ಪರಿಹಾರ ಕೇಳಿದರು. ಒಳಗೆ ಹಾಳಾಗಿದ್ದದ್ದು ನಮಗೆ ಗೊತ್ತೇ ಇರಲಿಲ್ಲ ಅನ್ನುವ ವಾದವನ್ನು ಸುಪ್ರೀಂ ಕೋರ್ಟ್ 1966ರಲ್ಲಿ ಒಪ್ಪಲಿಲ್ಲ. ಕಟ್ಟಡ ಯಾರದೋ ಅವರು ಅದನ್ನು ಆಗಾಗ ನೋಡಿಸಿ ಗಟ್ಟಿಯಾಗಿ ಇಟ್ಟುಕೊಳ್ಳಬೇಕು, ಕುಸಿದದ್ದೇ ನಿರ್ಲಕ್ಷ್ಯವನ್ನು ಹೇಳುತ್ತದೆ ಅಂದಿತು. ಕಣ್ಣಿಗೆ ಕಾಣದ ಬಿರುಕಿಗೇ ಆ ಮಾತು. ನಿಮ್ಮ ಕೈ ತೊಳೆಯುವ ಜಾಗದ ನೀರು ದಿನಾ ಎಲ್ಲರ ಕಣ್ಣಿಗೂ ಕಾಣುತ್ತಿದೆ.

ಹೆದರಿಸಲು ಇದನ್ನೆಲ್ಲ ಬರೆಯುತ್ತಿಲ್ಲ. ಆದರೂ ಒಂದು ಮಾತು ತಿಳಿದಿರಲಿ. ಮೂಳೆ ಮುರಿಯುವುದು ಕಾನೂನಿನ ಲೆಕ್ಕದಲ್ಲಿ ತೀವ್ರ ಗಾಯ. ಜೀವಕ್ಕೆ ಅಪಾಯ ಆಗುವಂಥ ನಿರ್ಲಕ್ಷ್ಯದಿಂದ ತೀವ್ರ ಗಾಯ ಮಾಡಿದರೆ ಭಾರತೀಯ ನ್ಯಾಯ ಸಂಹಿತೆಯ 125ನೇ ಸೆಕ್ಷನ್‌ನಲ್ಲಿ 3 ವರ್ಷದವರೆಗೆ ಜೈಲು, ಇಲ್ಲವೇ 10,000 ರೂಪಾಯಿವರೆಗೆ ದಂಡ, ಅಥವಾ ಎರಡೂ ಇದೆ. ನಾವು ಪೊಲೀಸರ ಹತ್ತಿರ ಹೋಗಿಲ್ಲ. ಹೋಗುವ ಆಸೆಯೂ ಇಲ್ಲ. ಮಾತಿನಲ್ಲಿ ಮುಗಿಯುವುದು ಮಾತಿನಲ್ಲೇ ಮುಗಿಯಲಿ.

ಈಗ ಈ ಪತ್ರ ಓದುತ್ತಿರುವ ಬೇರೆಯವರಿಗೆ ನಾಲ್ಕು ಮಾತು. ಮಾಲೀಕರೂ ಓದಿಕೊಳ್ಳಲಿ, ಮುಚ್ಚಿಡುವುದು ಏನೂ ಇಲ್ಲ.

ಆಸ್ಪತ್ರೆಗೆ ಹೋದ ತಕ್ಷಣ ಕೇಳುವ ಮೊದಲ ಪ್ರಶ್ನೆ, ಎಲ್ಲಿ ಬಿದ್ದರು, ಹೇಗೆ ಬಿದ್ದರು ಅಂತ. ನಮ್ಮ ಜೊತೆ ಬಂದಿದ್ದ ಹಿರಿಯರೊಬ್ಬರು ಮೆಲ್ಲಗೆ, ಮನೆ ಬಚ್ಚಲಲ್ಲಿ ಬಿದ್ದರು ಅಂತ ಬರೆಸಿಬಿಡಿ, ಇಲ್ಲದಿದ್ದರೆ ಎಂಎಲ್‌ಸಿ (ಮೆಡಿಕೋ ಲೀಗಲ್ ಕೇಸ್) ಅಂತ ಮಾಡುತ್ತಾರೆ, ಪೊಲೀಸರು ಬರುತ್ತಾರೆ, ಮದುವೆ ಮನೆಗೆ ಕೆಟ್ಟ ಹೆಸರು ಅಂದರು. ತಮ್ಮ ಒಪ್ಪಲಿಲ್ಲ. ಇದ್ದದ್ದನ್ನು ಇದ್ದ ಹಾಗೇ ಬರೆಸಿದ. ಆ ಒಂದು ಸಾಲು ಎಷ್ಟು ಮುಖ್ಯ ಅಂತ ನಮಗೆ ಆಮೇಲೆ ವಕೀಲರು ಹೇಳಿದರು. ಕೇಸ್ ಶೀಟಿನಲ್ಲಿ ‘ಮನೆಯಲ್ಲಿ ಬಿದ್ದರು’ ಅಂತ ಬಿದ್ದರೆ, ನಾಳೆ ಯಾವ ಆಯೋಗದ ಮುಂದೆ ಏನು ಹೇಳಿದರೂ ಎದುರು ಪಕ್ಷದವರು ಆ ಹಾಳೆಯನ್ನೇ ಎತ್ತಿ ತೋರಿಸುತ್ತಾರೆ. ನಿಮ್ಮದೇ ವಿಮೆ ಕಂಪನಿಯೂ ಅದನ್ನೇ ಹಿಡಿದುಕೊಂಡು ಪ್ರಶ್ನೆ ಕೇಳಬಹುದು. ಸುಳ್ಳು ಬರೆಸಬೇಡಿ. ಎಂಎಲ್‌ಸಿ ಅಂದರೆ ಯಾರನ್ನೋ ಜೈಲಿಗೆ ಕಳಿಸುವುದಲ್ಲ, ಗಾಯ ಹೇಗಾಯಿತು ಅನ್ನುವ ದಾಖಲೆ.

ಎರಡನೆಯದು, ಫೋಟೋ. ಬಿದ್ದವರ ಜೊತೆ ಒಬ್ಬರು ಆಸ್ಪತ್ರೆಗೆ ಹೋಗಲಿ, ಇನ್ನೊಬ್ಬರು ಅಲ್ಲೇ ನಿಂತು ಆ ಜಾಗದ ಫೋಟೋ, ವಿಡಿಯೋ ತೆಗೆಯಲಿ. ನೀರು, ಮೆಟ್ಟಿಲು, ಜಾಲರಿ, ಬೆಳಕು, ಎಚ್ಚರಿಕೆ ಬೋರ್ಡ್ ಇತ್ತೋ ಇಲ್ಲವೋ, ಎಲ್ಲ. ಒಂದು ಗಂಟೆ ಕಳೆದರೆ ನೆಲ ಒಣಗಿರುತ್ತದೆ, ಗೋಣಿಚೀಲ ಬಂದಿರುತ್ತದೆ. ನಮಗೆ ಸಿಕ್ಕಿದ್ದು ಮದುವೆಯ ವಿಡಿಯೋದವರು ಪಂಕ್ತಿ ತೆಗೆಯುವಾಗ ಅಕಸ್ಮಾತ್ತಾಗಿ ಸೆರೆಯಾದ ಕೆಲವು ಕ್ಷಣ, ಅದರಲ್ಲಿ ಹಿಂದುಗಡೆ ಆ ನೆಲ ಹೊಳೆಯುವುದು ಕಾಣುತ್ತದೆ. ಬಿದ್ದಾಗ ಹಾಕಿದ್ದ ಚಪ್ಪಲಿ, ಸೀರೆ ತೊಳೆಯದೆ ಎತ್ತಿಡಿ. ನೋಡಿದವರ ಹೆಸರು, ಫೋನ್ ನಂಬರ್ ಅಲ್ಲೇ ಬರೆದುಕೊಳ್ಳಿ, ಮದುವೆ ಮುಗಿದ ಮೇಲೆ ಯಾರು ಎಲ್ಲಿಗೆ ಹೋಗುತ್ತಾರೋ.

ಕ್ಯಾಮೆರಾದ ರೆಕಾರ್ಡಿಂಗ್ ಬಹಳ ದಿನ ಇರುವುದಿಲ್ಲ, ಹಳೆಯದರ ಮೇಲೆ ಹೊಸದು ಬಂದು ಅಳಿಸಿಹೋಗುತ್ತದೆ. ಅದಕ್ಕೇ ಮೊದಲ ದಿನವೇ ಬರವಣಿಗೆಯಲ್ಲಿ ಕೊಡಿ: ಇಂಥ ದಿನ, ಇಂಥ ಹೊತ್ತು, ಇಂಥ ಜಾಗದಲ್ಲಿ ನಮ್ಮವರು ಬಿದ್ದಿದ್ದಾರೆ, ವಿಡಿಯೋ ಉಳಿಸಿ ಇಡಿ. ಒಂದು ಪ್ರತಿಗೆ ಸೀಲ್ ಹಾಕಿಸಿಕೊಳ್ಳಿ. ಹಾಕಲ್ಲ ಅಂದರೆ ಸ್ಪೀಡ್ ಪೋಸ್ಟ್ ಮಾಡಿ, ವಾಟ್ಸಾಪ್‌ನಲ್ಲೂ ಕಳಿಸಿ. ಡಿಸ್ಚಾರ್ಜ್ ಸಮ್ಮರಿ, ಎಕ್ಸ್‌ರೇ, ಔಷಧಿ ಅಂಗಡಿಯ ಚೀಟಿ, ವಾಕರ್ ಕೊಂಡದ್ದು, ನೋಡಿಕೊಳ್ಳಲು ಇಟ್ಟುಕೊಂಡವರ ಸಂಬಳ, ಆಟೋ ಬಾಡಿಗೆ, ನೀವು ಕೆಲಸಕ್ಕೆ ಹಾಕಿದ ರಜೆ, ಎಲ್ಲ ಒಂದು ಫೈಲಿನಲ್ಲಿ ಇಡಿ. ಯಾರಾದರೂ ಒಂದಿಷ್ಟು ದುಡ್ಡು ಕೊಟ್ಟು ಇನ್ನು ಏನೂ ಕೇಳುವುದಿಲ್ಲ ಅಂತ ಸಹಿ ಮಾಡಿ ಅಂದರೆ, ಡಾಕ್ಟರ್ ಮುಂದಿನ ಚಿಕಿತ್ಸೆ ಏನು ಅಂತ ಹೇಳುವವರೆಗೂ ಸಹಿ ಮಾಡಬೇಡಿ.

ಮಾಲೀಕರೇ, ಮತ್ತೆ ನಿಮ್ಮ ಹತ್ತಿರ ಬರುತ್ತೇನೆ. ನಾನು ಕೇಳುವುದರಲ್ಲಿ ನಿಮ್ಮ ಕೈಲಿ ಆಗದ್ದು ಒಂದೂ ಇಲ್ಲ.

ಕೈ ತೊಳೆಯುವ ಜಾಗದ ಪಾಲಿಶ್ ಕಲ್ಲು ತೆಗೆಸಿ, ಒರಟು ಕಲ್ಲೋ ಜಾರದ ಟೈಲ್ಸೋ ಹಾಕಿಸಿ. ಸ್ಟೇಜಿಗೆ ಹೂವಿನ ಅಲಂಕಾರದ ಕಮಾನು ಮಾಡಿಸುವವರಿಗೆ ಇದು ದೊಡ್ಡ ಖರ್ಚಲ್ಲ. ಅಲ್ಲಿಯವರೆಗೆ ರಬ್ಬರ್ ಮ್ಯಾಟ್ ಹಾಸಿ. ಒಂಟಿ ಮೆಟ್ಟಿಲು ಇರುವ ಕಡೆ ಅದನ್ನು ಇಳಿಜಾರು ಮಾಡಿಸಿ, ಆಗದಿದ್ದರೆ ಅಂಚಿಗೆ ದಪ್ಪ ಹಳದಿ ಪಟ್ಟಿ ಬಳಿದು ಪಕ್ಕದಲ್ಲಿ ಕಂಬಿ ಹಾಕಿಸಿ. ಜನ ಬಂದು ಹೋಗುವ ಖಾಸಗಿ ಕಟ್ಟಡಗಳೂ ಎಲ್ಲರೂ ಓಡಾಡುವಂತೆ ಇರಬೇಕು ಅಂತ 2016ರ ಅಂಗವಿಕಲರ ಹಕ್ಕುಗಳ ಕಾಯ್ದೆಯೇ ಹೇಳುತ್ತದೆ, ಹಾಗಾಗಿ ಇದು ನನ್ನೊಬ್ಬಳ ಬೇಡಿಕೆ ಅಂದುಕೊಳ್ಳಬೇಡಿ. ಪ್ರತಿ ಪಂಕ್ತಿ ಏಳುವ ಹೊತ್ತಿಗೆ ಅಲ್ಲಿ ನೆಲ ಒರೆಸಲು ಒಬ್ಬರು ಇರಲಿ, ಆ ಕೆಲಸಕ್ಕೇ ಇರಲಿ, ಎಲೆ ಎತ್ತುವವರನ್ನೇ ಅಲ್ಲಿಗೂ ಓಡಿಸಬೇಡಿ. ಒಂದು ಗಾಲಿಕುರ್ಚಿ, ಒಂದು ಸ್ಟ್ರೆಚರ್, ಗೇಟಿನಿಂದ ಆಂಬುಲೆನ್ಸ್ ಒಳಗೆ ಬರುವಷ್ಟು ಖಾಲಿ ದಾರಿ.

ದಾರಿ ಅಂದಾಗ ಇನ್ನೊಂದು. ಆ ಛತ್ರದ ಊಟದ ಹಾಲ್‌ನ ಹಿಂಬಾಗಿಲಿಗೆ ಬೀಗ ಹಾಕಿ ಅದರ ಮುಂದೆ ಕುರ್ಚಿ ಪೇರಿಸಿದ್ದರು. 2004ರ ಜನವರಿಯಲ್ಲಿ ತಮಿಳುನಾಡಿನ ಶ್ರೀರಂಗದ ಮದುವೆ ಮಂಟಪದಲ್ಲಿ ಬೆಂಕಿ ಬಿದ್ದು 50ಕ್ಕೂ ಜಾಸ್ತಿ ಜನ ಸತ್ತರು. ಮದುಮಗನೂ ಉಳಿಯಲಿಲ್ಲ. ಮದುವೆ ನಡೆಯುವಷ್ಟು ಹೊತ್ತು ಒಂದು ಬಾಗಿಲಿಗೂ ಬೀಗ ಇರಬಾರದು. ಇದನ್ನು ಕೈಮುಗಿದು ಕೇಳುತ್ತೇನೆ.

ಮತ್ತೆ ವಿಮೆ. ನಿಮ್ಮ ಜಾಗಕ್ಕೆ ಬಂದ ಹೊರಗಿನವರಿಗೆ ಗಾಯವಾದರೆ ಪರಿಹಾರ ಕೊಡುವ ಸಾರ್ವಜನಿಕ ಹೊಣೆಗಾರಿಕೆ ವಿಮೆ ನಮ್ಮ ದೇಶದಲ್ಲೇ ಸಿಗುತ್ತದೆ. ಛತ್ರಗಳೂ ಮಾಡಿಸಬಹುದು. 1991ರ ಕಾಯ್ದೆಯಲ್ಲಿ ಇದು ಕಡ್ಡಾಯ ಇರುವುದು ಅಪಾಯಕಾರಿ ರಾಸಾಯನಿಕ ಬಳಸುವವರಿಗೆ ಮಾತ್ರ, ಹಾಗಾಗಿ ನಿಮ್ಮನ್ನು ಯಾರೂ ಒತ್ತಾಯಿಸುತ್ತಿಲ್ಲ. ನೀವಾಗಿಯೇ ಮಾಡಿಸಿ. ಆಗ ಬಿದ್ದವರ ಮನೆಯವರು ಬಂದಾಗ ಹಾಲ್ ಮಾತ್ರ ನಮ್ಮದು ಅನ್ನುವ ಉತ್ತರ ಕೊಡಬೇಕಾಗಿ ಬರುವುದಿಲ್ಲ. ಮಾಡಿಸಿದವರು ಅದನ್ನು ಬುಕಿಂಗ್ ಫಾರಂನಲ್ಲಿ ಬರೆಯಿರಿ. ಛತ್ರ ನೋಡಲು ಬರುವವರು ಎಷ್ಟು ಜನ ಕೂರಬಹುದು, ಎಸಿ ಇದೆಯಾ ಅಂತ ಕೇಳುವ ಹಾಗೆ ಇದನ್ನೂ ಕೇಳಲಿ.

ಮಹಾನಗರ ಪಾಲಿಕೆಯ ಆಯುಕ್ತರಲ್ಲೂ ಒಂದು ವಿನಂತಿ. ಛತ್ರಗಳಿಗೆ ಪರವಾನಗಿ ಕೊಡುವಾಗ, ನವೀಕರಿಸುವಾಗ ನಿಮ್ಮವರು ಸ್ಥಳಕ್ಕೆ ಹೋಗಿ ಕೈ ತೊಳೆಯುವ ಜಾಗ, ಮೆಟ್ಟಿಲು, ತುರ್ತು ಬಾಗಿಲು ನೋಡಲಿ. ಊಟ ನಡೆಯುವ ಹೊತ್ತಿಗೆ ಹೋಗಿ ನೋಡಲಿ, ಖಾಲಿ ಛತ್ರದಲ್ಲಿ ಎಲ್ಲ ನೆಲವೂ ಒಣಗಿಯೇ ಇರುತ್ತದೆ. ಈ ವಿಮೆಯನ್ನು ಪರವಾನಗಿಗೆ ಷರತ್ತಾಗಿ ಮಾಡಲು ಸಾಧ್ಯವೇ ಅನ್ನುವುದನ್ನು ಪಾಲಿಕೆಯಲ್ಲಿ ಚರ್ಚೆಗೆ ತನ್ನಿ.

ಯಾವ ಛತ್ರದಲ್ಲಿ ಈಗಾಗಲೇ ಇದೆಲ್ಲ ಸರಿಯಾಗಿದೆಯೋ ಅವರು ದಯವಿಟ್ಟು ಸಾರ್ವಜನಿಕವಾಗಿ ಹೇಳಿ. ನಮ್ಮ ಮನೆಯಲ್ಲೂ ಮುಂದಿನ ವರ್ಷ ಒಂದು ಮದುವೆ ಇದೆ, ನಾವು ಅಂಥ ಕಡೆಯೇ ಬುಕ್ ಮಾಡುತ್ತೇವೆ. ಉಳಿದವರು ಮಾಘ ಮಾಸದ ಲಗ್ನಗಳು ಶುರುವಾಗುವ ಮೊದಲು ನೆಲ ಸರಿಮಾಡಿಸಿ. ನಮ್ಮ ನೋಟಿಸ್ ಸಿಕ್ಕಿರುವ ಮಾಲೀಕರು ಉತ್ತರ ಬರೆಯಿರಿ. ಉತ್ತರ ಬರದಿದ್ದರೆ ದೂರು ಜಿಲ್ಲಾ ಆಯೋಗಕ್ಕೆ ಹೋಗುತ್ತದೆ, ಕಾಗದಗಳೆಲ್ಲ ಸಿದ್ಧವಾಗಿವೆ. ಅದರಲ್ಲಿ ನಮ್ಮ ಮಾವನ ಮಗನ ಹೆಸರು ಎದುರು ಪಕ್ಷದಲ್ಲಿ ಇರುವುದಿಲ್ಲ, ನಮ್ಮ ಕಡೆಯ ಸಾಕ್ಷಿಗಳಲ್ಲಿ ಇರುತ್ತದೆ.

ಇಂತಿ,
ಊಟಕ್ಕೆ ಬಂದು ಬಿದ್ದವರ ಮಗಳು
ತುಮಕೂರು